ಕಿವಿ ಹಿಡಿಯದೆ ಆಡಿದ ಮಾತು

ಕಪ್ಪತಗುಡ್ಡದ ಮೇಲೂರು. ಹೊಳೆ ಬತ್ತಿದ ನಂತರದ ನೂರಾ ಎಂಟನೆಯ ವರ್ಷ, ಗಾಳಿ ತಿರುಗುವ ತಿಂಗಳು, ನಲವತ್ತೊಂದನೆಯ ದಿನ.

ನಮಗಿಂತ ಮೊದಲು ಬಾಳಿ ಹೋದ ಹಿರಿಯರಿಗೆ, ಮೇಲೂರಿನ ಬಾಳವ್ವ ಮಾಡುವ ಶರಣು.

ಒಂದು ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಗಾಳಿ ತಿರುಗುವ ತನಕ ನಾವು ಆ ತಿಂಗಳನ್ನು ಮುಗಿಸುವುದಿಲ್ಲ, ಈ ವರ್ಷ ಅದು ಇನ್ನೂ ತಿರುಗಿಲ್ಲ. ನನ್ನ ಮಾತುಗಳು ನಿಮಗೆ ಅಡ್ಡಾದಿಡ್ಡಿಯಾಗಿ ಕೇಳಿಸಿದರೆ ದಯವಿಟ್ಟು ಮನ್ನಿಸಿ. ನಿಮ್ಮ ಕನ್ನಡವನ್ನು ನಾನು ನಿಮ್ಮ ಹಳೆಯ ಪರದೆಗಳನ್ನು ಓದಿಯೇ ಕಲಿತೆ. ಅಲ್ಲಿ ಬೈಗುಳಕ್ಕಿರುವಷ್ಟು ಪದಗಳು ನಮ್ಮಲ್ಲಿ ಊಟಕ್ಕೂ ಇಲ್ಲ. ಆದ್ದರಿಂದ ಎಲ್ಲಾದರೂ ನನ್ನ ನಾಲಿಗೆ ಉದ್ದವಾದರೆ ಅದರಲ್ಲಿ ಅರ್ಧ ಪಾಲು ನಿಮ್ಮದು.

ಸುತ್ತಿ ಬಳಸಿ ಹೇಳಲು ನನಗೆ ಹೊತ್ತಿಲ್ಲ. ನನ್ನ ಮಗಳು ಹೊಳೆವ್ವನಿಗೆ ಒಂಬತ್ತು ವರ್ಷ. ನಂಜೇರಿ ಅವಳ ಕಾಲು ಬಿದ್ದುಹೋಗಿವೆ, ಈಗ ಅದು ಕೈಗೆ ಹತ್ತುತ್ತಿದೆ. ಅವಳನ್ನು ಉಳಿಸುವ ಒಂದು ಮಾತು ನಿಮ್ಮ ಕಾಲದಲ್ಲಿದೆ. ಅದನ್ನು ನಮಗೆ ತಲುಪಿಸಿಕೊಡಿ ಎಂದು ಸೆರಗೊಡ್ಡಿ ಕೇಳಲು ಬರೆಯುತ್ತಿದ್ದೇನೆ. ಯಾವ ಮಾತು, ಅದು ಯಾರ ಬಳಿ ಇದೆ, ನಮಗೆ ಯಾಕೆ ಸಿಗಲಿಲ್ಲ ಎಂಬುದನ್ನು ತಿಳಿಸಬೇಕಾದರೆ ನಮ್ಮ ಬದುಕನ್ನು ಸ್ವಲ್ಪ ಹೇಳಲೇಬೇಕು. ಬೇಸರಿಸದೆ ಕೇಳಿ.

ನಿಮ್ಮ ಕಾಲದ ಜಾಲದ ಒಂದು ತುಂಡು ನಮ್ಮೂರಲ್ಲಿ ಉಳಿದಿದೆ. ಬಿಸಿಲುಪೆಟ್ಟಿಗೆ ಎನ್ನುತ್ತೇವೆ, ಬಿಸಿಲು ಕುಡಿದು ಎಚ್ಚರಾಗುವ ಯಂತ್ರ ಅದು. ಮೋಡ ಕವಿದರೆ ಮಲಗುತ್ತದೆ. ನೀವು ಬರೆದದ್ದು, ಜಗಳವಾಡಿದ್ದು, ಉಂಡ ತಟ್ಟೆಯ ಚಿತ್ರ, ಎಲ್ಲವೂ ಅದರೊಳಗಿವೆ. ನನ್ನ ಅಣ್ಣ ಮುರಿಗೆಪ್ಪ ಅದರ ಓದುಗ. ಊರಿಗೆ ಏನಾದರೂ ತಿಳಿಯಬೇಕಾದಾಗ ಹುಡುಕಿ, ಕಟ್ಟೆಯ ಮೇಲೆ ನಿಂತು ಓದಿ ಹೇಳುವುದು ಅವನ ಕೆಲಸ. ನಿಮ್ಮ ಬರಹಗಳ ಕೆಳಗೆಲ್ಲ ಒಂದು ಖಾಲಿ ಚೌಕ ಇರುತ್ತದೆಯಲ್ಲ, ‘ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದು ಕರೆಯುವ ಚೌಕ, ಅದು ಇವತ್ತಿಗೂ ಬರೆದದ್ದನ್ನು ಒಳಗೆ ತೆಗೆದುಕೊಳ್ಳುತ್ತದೆ. ‘ಕಳಿಸಲಾಗುತ್ತಿದೆ’ ಎನ್ನುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ತಿಳಿಯದು. ಈ ಓಲೆಯನ್ನು ನಾನು ಅಂಥ ಚೌಕಗಳಲ್ಲೇ ಬರೆಯುತ್ತಿದ್ದೇನೆ, ತೆರೆದುಕೊಂಡ ಪ್ರತಿಯೊಂದರಲ್ಲೂ. ನಿಮಗೆ ಇದು ಯಾವುದೋ ಸಿನಿಮಾ ಸುದ್ದಿಯ ಕೆಳಗೆ ಸಿಕ್ಕಿದ್ದರೆ ನಗಬೇಡಿ.

ನಮ್ಮ ಬದುಕು ದೊಡ್ಡದೇನಲ್ಲ. ಕೆಳಗಿನ ಬಯಲು ಸುಡುತ್ತದೆ ಎಂದು ನಮ್ಮ ಅಜ್ಜಂದಿರು ಗುಡ್ಡ ಹತ್ತಿದರು. ಕಲ್ಲಿನ ಸಂದುಗಳಲ್ಲಿ ಮನೆ, ಮನೆಯ ಬೆನ್ನಿಗೆ ಮಂಜು ಹಿಡಿಯುವ ಬಲೆ. ಬೆಳಿಗ್ಗೆ ಎದ್ದ ಕೂಡಲೇ ಬಲೆ ಹಿಂಡಿ ಕೊಡ ತುಂಬುತ್ತೇವೆ. ಹೊತ್ತೇರುವ ಮೊದಲು ಹೊಲದ ಕೆಲಸ, ನೆತ್ತಿ ಸುಡುವ ಹೊತ್ತಿಗೆ ಎಲ್ಲರೂ ಗವಿಯೊಳಗೆ. ಅಲ್ಲಿ ರೊಟ್ಟಿ ಬಡಿಯುವುದು, ಚಾಡಿ ಹೇಳುವುದು, ಮಕ್ಕಳ ಹೇನು ತೆಗೆಯುವುದು ಎಲ್ಲ ಒಟ್ಟಿಗೇ ನಡೆಯುತ್ತದೆ. ಚಾಡಿ ಎಂದೆನಲ್ಲ, ಅದಕ್ಕೂ ನಮ್ಮಲ್ಲೊಂದು ಕಟ್ಟುಪಾಡಿದೆ, ಅದನ್ನು ನೀವು ತಿಳಿಯದಿದ್ದರೆ ನಮ್ಮ ಗತಿ ನಿಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಮಾತು ಎರಡು ಬಗೆ, ಕಂಡಮಾತು ಮತ್ತು ಕೇಳ್ಮಾತು. ತಾನೇ ಕಂಡದ್ದನ್ನು ಹೇಗೆ ಬೇಕಾದರೂ ಹೇಳಬಹುದು. ಬೇರೆಯವರಿಂದ ಕೇಳಿದ್ದನ್ನು ಹೇಳುವಾಗ ಮಾತ್ರ ತನ್ನ ಕಿವಿಯನ್ನು ತಾನೇ ಹಿಡಿದುಕೊಂಡಿರಬೇಕು. ಮಾತು ಮುಗಿಯುವ ತನಕ ಬಿಡುವ ಹಾಗಿಲ್ಲ. ನಿಮ್ಮಲ್ಲಿ ಕಿವಿ ಹಿಡಿಯುವುದು ತಪ್ಪಾಯಿತು ಎನ್ನಲಂತೆ. ನಮ್ಮಲ್ಲಿ ಅದು ‘ಇದು ನಾನು ಕಂಡದ್ದಲ್ಲ’ ಎನ್ನುವ ಗುರುತು.

ಇದರ ಗಮ್ಮತ್ತು ನೀವು ನೋಡಬೇಕಿತ್ತು. ನೀರು ಹೊತ್ತು ಬರುವ ಹೆಂಗಸಿಗೆ ಸುದ್ದಿ ಹೇಳುವ ಚಪಲ ಬಂದರೆ ಕೊಡ ಇಳಿಸಿ, ಕಿವಿ ಹಿಡಿದು, ಹೇಳಿ, ಮತ್ತೆ ಕೊಡ ಎತ್ತಬೇಕು. ಹೊಟ್ಟೆಯಲ್ಲಿ ಸುದ್ದಿ ನಿಲ್ಲದವರ ಕಿವಿ ಕೆಂಪಗಿರುತ್ತದೆ, ಅದನ್ನು ನೋಡಿಯೇ ಸೊಸೆಯಂದಿರು ನಗುತ್ತಾರೆ. ಕೇಳಿದವರು ಆ ಮಾತನ್ನು ಕಂಡಮಾತು ಮಾಡಿಕೊಳ್ಳಬೇಕಾದರೆ ನಡೆದುಹೋಗಿ ನೋಡಿ ಬರಬೇಕು. ಪಕ್ಕದ ಗುಡ್ಡದಲ್ಲಿ ಜೇನು ಕಟ್ಟಿದೆಯೆಂದು ಐದು ಜನ ಕಿವಿ ಮುಟ್ಟದೆ ಹೇಳಿದರೆ, ಐದು ಜನ ಅಷ್ಟು ದೂರ ಹೋಗಿ ಬಂದಿದ್ದಾರೆ ಎಂದೇ ಅರ್ಥ. ಆಮೇಲೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ಹಾಲು ಕುಡಿಯುವಾಗಿನಿಂದ ನಮ್ಮ ರಕ್ತಕ್ಕೆ ಇಳಿದ ಲೆಕ್ಕ ಇದು. ಇದೇ ನಮ್ಮನ್ನು ಕೊಂದಿತು.

ಹೋದ ವರ್ಷ ಜೋಳದ ತೆನೆಗೆ ಕರಿಬೂದಿ ಎಂಬ ರೋಗ ಬಿತ್ತು. ಮುಟ್ಟಿದರೆ ಕಾಳು ಬೂದಿಯಾಗಿ ಉದುರುತ್ತಿತ್ತು. ಗುಡ್ಡದಲ್ಲಿ ಇನ್ನು ಹೊಟ್ಟೆ ತುಂಬುವಂಥದ್ದು ಉಳಿದದ್ದು ಬಂಡೆಗೆಣಸು ಒಂದೇ. ಅದು ಕಲ್ಲಿನ ಬುಡದಲ್ಲಿ ತಾನಾಗಿಯೇ ಬೆಳೆಯುವ ಗಡ್ಡೆ, ಮುರಿದರೆ ಹಾಲು ಸೋರುತ್ತದೆ. ನಂಜು ಇದೆ ಎಂದು ನಮ್ಮವರು ಯಾವತ್ತೂ ಮುಟ್ಟಿದ್ದಿಲ್ಲ. ಹಸಿವೆ ಹೆಚ್ಚಾದಾಗ ಊರವರು ನನ್ನ ಅಣ್ಣನಿಗೆ ಹೇಳಿದರು, ಇದನ್ನು ತಿನ್ನುವ ಬಗೆ ನಮ್ಮ ಹಿಂದಿನವರಿಗೆ ಗೊತ್ತಿತ್ತೋ ಏನೋ, ಹುಡುಕು ಎಂದು. ಅವನು ಎರಡು ದಿನ ಪೆಟ್ಟಿಗೆಯ ಮುಂದೆ ಕೂತ. ಮೂರನೆಯ ದಿನ ಕುಣಿಯುತ್ತ ಬಂದ, ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಟ್ಟೆ ಹತ್ತಿ ನಿಮ್ಮ ಮಾತನ್ನು ಓದಿದ.

‘ಬಂಡೆಗೆಣಸು ತಿನ್ನಿ, ನೂರು ವರ್ಷ ಬಾಳಿ! ಅರಿಶಿನದ ನೀರಲ್ಲಿ ಒಂದು ಕುದಿ ಬಂದರೆ ಸಾಕು, ನಂಜೆಲ್ಲ ಮಾಯ. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಹೇಳಹೆಸರಿಲ್ಲದಂತೆ ಹೋಗುತ್ತವೆ. ಇದನ್ನು ಯಾವ ಡಾಕ್ಟರೂ ನಿಮಗೆ ಹೇಳುವುದಿಲ್ಲ! ಹತ್ತು ಜನಕ್ಕೆ ತಲುಪಿಸಿ, ಪುಣ್ಯ ಕಟ್ಟಿಕೊಳ್ಳಿ.’

ನೀವು ಇದನ್ನು ಓದಿ ಮುಗುಳ್ನಗುತ್ತಿರಬಹುದು. ನಾವು ಹೇಗೆ ಓದಿದೆವು ಗೊತ್ತೇ? ಹತ್ತು ಜನಕ್ಕೆ ತಲುಪಿಸಿ ಎಂದರೆ ಹತ್ತು ಜನ ತಿಂದು ಪರೀಕ್ಷಿಸಿ ನೋಡಲಿ ಎಂದು ಕೇಳಿಕೊಳ್ಳುತ್ತಿದ್ದಾರೆ, ಎಂಥ ಎಚ್ಚರಿಕೆಯ ಜನ ಎಂದುಕೊಂಡೆವು. ಆ ಕಷ್ಟಕ್ಕೆ ಪುಣ್ಯ ಸಿಗುವುದು ನ್ಯಾಯವೇ ಎಂದುಕೊಂಡೆವು. ಡಾಕ್ಟರು ಹೇಳುವುದಿಲ್ಲ ಎಂಬ ಸಾಲಿಗಂತೂ ಕೈ ಮುಗಿದೆವು, ಪಾಪ, ತಾವು ತಿಂದು ನೋಡಿಲ್ಲವಾದ್ದರಿಂದ ಬಾಯಿ ಬಿಡುತ್ತಿಲ್ಲ ಎಂದು. ಅದರ ಕೆಳಗೆ ಎಷ್ಟು ಜನ ಇದನ್ನು ಮುಂದೆ ಹೇಳಿದ್ದಾರೆ ಎಂಬ ಲೆಕ್ಕವಿತ್ತು, ಹನ್ನೊಂದು ಲಕ್ಷ. ಪರದೆಯಲ್ಲಿ ಅಕ್ಷರಗಳಿದ್ದವೇ ಹೊರತು ಯಾರ ಕೈಯೂ ಕಾಣುತ್ತಿರಲಿಲ್ಲ, ಯಾರೂ ಕಿವಿ ಹಿಡಿದಿರಲಿಲ್ಲ. ಹನ್ನೊಂದು ಲಕ್ಷ ಕಂಡಮಾತು! ನಮ್ಮ ಊರಿನಲ್ಲಿ ಅಷ್ಟು ಇರುವೆಗಳೂ ಇಲ್ಲ.

ಸಾತಜ್ಜಿ ಒಬ್ಬಳು ತಕರಾರು ತೆಗೆದಳು. ಅವಳು ನನ್ನ ಗಂಡನ ಅಜ್ಜಿ, ತಕರಾರಿಲ್ಲದೆ ನೀರೂ ಕುಡಿಯದವಳು. “ಲೇ ಮುರಿಗ್ಯಾ, ಅವರೊಳಗ ಒಬ್ಬರರೆ ನಾ ತಿಂದೇನಿ ಅಂದಾರೇನೋ? ಯಾವ ಊರಾಗ ತಿಂದ್ರಂತ, ಯಾವ ಒಲಿ ಮ್ಯಾಲೆ ಕುದಿಸಿದ್ರಂತ?” ಎಂದಳು. ಕಟ್ಟೆಯೆಲ್ಲ ಗೊಳ್ಳೆಂದಿತು. “ಹನ್ನೊಂದು ಲಕ್ಷ ಮಂದಿ ಸುಳ್ಳ ಹೇಳ್ತಾರೇನಬೇ ಆಯಿ?” ಎಂದರು. “ಮಂದಿ ಲೆಕ್ಕ ನನಗ್ಯಾಕ ಬೇಕು? ಒಂದ ಒಲಿ ತೋರಸ್ರಿ” ಎಂದು ಗೊಣಗಿದಳು. ನಾನೂ ನಕ್ಕವರಲ್ಲಿ ಒಬ್ಬಳು. ಹಾಗೆಂದು ನಾವು ಕಣ್ಣು ಮುಚ್ಚಿ ತಿಂದೆವು ಎಂದುಕೊಳ್ಳಬೇಡಿ. ಮೊದಲು ನಾಯಿಗೆ ಹಾಕಿದೆವು, ಅದು ತಿಂದು ಇನ್ನಷ್ಟು ಕೊಡು ಎಂದು ಬಾಲ ಆಡಿಸಿತು. ಎಂಟು ದಿನ ಕಾದೆವು. ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಮೈ ಹಿಡಿಯುವ ನಂಜು ಇರುತ್ತದೆಂದು ಯಾರಿಗೆ ಗೊತ್ತಿತ್ತು? ಆಮೇಲೆ ತಿಂದೆವು. ಸಾತಜ್ಜಿಯೂ ತಿಂದಳು, ಹಸಿವೆ ಯಾರಪ್ಪನ ಮಾತು ಕೇಳುತ್ತದೆ?

ರುಚಿಯಾಗಿತ್ತು. ಹಾಳಾದ್ದು, ಅದೇ ಹೊಟ್ಟೆ ಉರಿಸುತ್ತದೆ. ಬೆಲ್ಲ ಹಾಕಿದ ಹಾಗೆ ಸಿಹಿ. ಹೊಳೆವ್ವ ಬಟ್ಟಲು ನೆಕ್ಕಿ, “ಯವ್ವಾ, ಇನ್ನ ಜ್ವಾಳ ಬರದಿದ್ರೂ ನಡೀತೈತಿ ಬಿಡು” ಎನ್ನುತ್ತಿದ್ದಳು. ಮಳೆಗಾಲ ಪೂರ್ತಿ ಅದನ್ನೇ ಉಂಡಳು, ನಾನೇ ಬಡಿಸಿದೆ. ಮಂಜಿನ ದಿನ ಶುರುವಾದಾಗ ಒಂದು ಬೆಳಿಗ್ಗೆ ಬಲೆ ಹಿಂಡಲು ಎಬ್ಬಿಸಿದರೆ ಏಳಲಿಲ್ಲ. ಸೋಮಾರಿತನ ಎಂದು ಗದರಿದೆ. “ಯವ್ವಾ, ನನ್ನ ಕಾಲು ನನ್ನ ಮಾತು ಕೇಳವಲ್ವು ನೋಡು” ಎಂದಳು. ಹೊದಿಕೆ ಸರಿಸಿ ನೋಡಿದೆ. ಎರಡೂ ಕಾಲು ಕೊರಡಿನ ಹಾಗೆ ಬಿಗಿದಿದ್ದವು, ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಆ ವಾರ ಮುಗಿಯುವುದರೊಳಗೆ ಊರಿನ ಮಕ್ಕಳಲ್ಲಿ ಅರ್ಧಕ್ಕರ್ಧ ಹಾಗೇ ಆದವು. ದೊಡ್ಡವರಲ್ಲಿ ಕೆಲವರಿಗೂ ಆಯಿತು. ಸಾತಜ್ಜಿ ಹೋಗಿಯೇಬಿಟ್ಟಳು. ಹೊಳೆವ್ವನ ಜೊತೆಯ ಗೆಳತಿ, ಪಕ್ಕದ ಗವಿಯ ಮಂಜವ್ವ, ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರೇ ಬಿಗಿದು ಹೋದಳು. ನನ್ನ ಮಗಳು ಅದನ್ನೆಲ್ಲ ನೋಡಿದ್ದಾಳೆ. ತನಗೂ ಹಾಗೇ ಆಗುತ್ತದೆಯೇ ಎಂದು ಅವಳು ಕೇಳುವುದಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳಿ ಅಳು ತೀರಿಸಿಕೊಳ್ಳುತ್ತಿದ್ದೆ.

ಗೆಣಸು ಬಿಟ್ಟೆವು. ಸೊಪ್ಪು, ಕಾಡುಬಾರಿ ಹಣ್ಣು, ಏನೋ ತಿಂದುಕೊಂಡು ಇದ್ದೇವೆ. ಬಿಟ್ಟರೂ ಮೈಯೊಳಗಿನ ನಂಜು ಇಳಿಯುತ್ತಿಲ್ಲ, ಮೇಲಕ್ಕೇ ಹತ್ತುತ್ತಿದೆ.

ಅಣ್ಣ ಮತ್ತೆ ಪೆಟ್ಟಿಗೆಯ ಮುಂದೆ ಕೂತ. ಹನ್ನೊಂದು ಲಕ್ಷ ಜನರಲ್ಲಿ ಯಾರಿಗಾದರೂ ಹೀಗೆ ಆಗಿರಲೇಬೇಕಲ್ಲ, ಅವರು ಏನು ಮಾಡಿದರು ಎಂದು ನೋಡೋಣ ಎಂದು. ಅಲ್ಲಿ ಆ ಸಂದೇಶದ ಕೆಳಗೆ ಯಾರೋ ಒಬ್ಬರು ಇನ್ನೊಬ್ಬರನ್ನು ಕೇಳಿದ್ದರು, ಇದು ನಿಜವೇ ಎಂದು. ಉತ್ತರ ಹೀಗಿತ್ತು: ‘ಗೊತ್ತಿಲ್ಲ ಸರ್. ನನಗೆ ಬಂದದ್ದನ್ನು ಹಾಗೇ ಕಳಿಸಿದೆ.’ ಅಣ್ಣ ಅದನ್ನು ಓದಿ, ಮತ್ತೆ ಓದಿ, ಹೊರಗೆ ಬಂದು ನನ್ನ ಮುಂದೆ ಕೂತ. “ಬಾಳಾ, ಇವರು ತಿಂದ ಇಲ್ಲವಾ. ಒಬ್ಬರೂ ತಿಂದಿಲ್ಲ” ಎಂದ. ನನಗೆ ಮೊದಲು ತಲೆಗೇ ಹೋಗಲಿಲ್ಲ. ತಿನ್ನದೆ ಯಾಕೆ ಹೇಳಿದರು? ಹನ್ನೊಂದು ಲಕ್ಷ ಜನ, ಒಬ್ಬರಿಗೂ ಕಿವಿ ಹಿಡಿದುಕೊಳ್ಳಬೇಕು ಎನಿಸಲಿಲ್ಲವೇ? ಅಣ್ಣ ಅಂದಿನಿಂದ ತನ್ನ ಎರಡೂ ಕಿವಿ ಹಿಡಿದುಕೊಂಡೇ ಇರುತ್ತಾನೆ. ಉಣ್ಣಲೂ ಕೈ ಬಿಡುವುದಿಲ್ಲ, ನಾನು ತುತ್ತು ಇಡಬೇಕು. ಪರದೆಯ ಮೇಲೆ ಬೆರಳು ಆಡಿಸುವಾಗ ಒಂದು ಕೈ ಬಿಡುತ್ತಾನೆ, ಅಷ್ಟೇ.

ನಿಮ್ಮ ಮುಖಕ್ಕೇ ಕೇಳುತ್ತೇನೆ ಹಿರಿಯರೇ, ನಿಮಗೇನು ಬಂದಿತ್ತು ರೋಗ? ಕೂತಲ್ಲೇ ಕೂತು, ಅರ್ಧ ಓದಿ, ಹೆಬ್ಬೆಟ್ಟು ಒತ್ತಿ, ಮುಂದಕ್ಕೆ ತಳ್ಳಿ ಮಲಗಿದಿರಿ. ನಿಮಗೆ ಎದ್ದು ಹೋಗಿ ನೋಡಲು ರಸ್ತೆಯಿತ್ತು, ಬಸ್ಸಿತ್ತು, ಕೇಳಲು ಡಾಕ್ಟರು ಇದ್ದರು, ಮೇಷ್ಟರು ಇದ್ದರು. ಯಾರು ಹೇಳಿದ್ದು, ನೀವು ತಿಂದಿರಾ, ಎಲ್ಲಿ, ಆಮೇಲೆ ಏನಾಯಿತು ಎಂದು ನಾಲ್ಕು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನೀವು ಯಾರೂ ತಿನ್ನದೆ ಬದುಕಿಕೊಂಡಿರಿ. ತಿಂದವರು ನಾವು. ನಿಮ್ಮ ಬಾಯಿಂದ ಬಿದ್ದದ್ದೆಲ್ಲ ನಿಜವೆಂದು ತಿಂದೆವು.

ಬೈದೆ, ತಪ್ಪು ತಿಳಿಯಬೇಡಿ. ಬೈಯಲು ನನಗೆ ನಿಮ್ಮನ್ನು ಬಿಟ್ಟು ಯಾರೂ ಉಳಿದಿಲ್ಲ, ಕೇಳಲೂ ಯಾರೂ ಉಳಿದಿಲ್ಲ.

ಆಮೇಲೆ ನಾನೂ ಅಣ್ಣನ ಪಕ್ಕ ಕೂತೆ. ಲಕ್ಷದ ಲೆಕ್ಕ ಬಿಟ್ಟು, ‘ನಾನು ತಿಂದೆ’ ಎಂದು ಹೆಸರು ಹಾಕಿ ಬರೆದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆವು. ಮೋಡದ ದಿನಗಳಲ್ಲಿ ಪೆಟ್ಟಿಗೆ ಮಲಗಿಬಿಡುತ್ತಿತ್ತು, ನಾನು ಅದರ ಮುಂದೆ ಕೂತು ಆಕಾಶಕ್ಕೆ ಶಾಪ ಹಾಕುತ್ತಿದ್ದೆ. ಕೊನೆಗೆ ಒಬ್ಬರು ಸಿಕ್ಕರು, ಒಬ್ಬರೇ. ಅವರ ಮಾತನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ.

‘ನಾನು ನೀಲಾಂಬಿಕಾ ಬೂದಿಹಾಳ, ಲಕ್ಷ್ಮೇಶ್ವರದಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ಈ ಸಂದೇಶ ನಂಬಿ ನಾನೂ ನನ್ನ ತಮ್ಮನೂ ಹೋದ ಮಳೆಗಾಲವಿಡೀ ಬಂಡೆಗೆಣಸು ಕುದಿಸಿ ತಿಂದೆವು. ತಮ್ಮನ ಕಾಲು ಬಿಗಿದುಕೊಂಡವು. ಕುದಿಸಿದರೆ ನಂಜು ಹೋಗುವುದಿಲ್ಲ. ಮೊದಲು ಗೆಣಸನ್ನು ಸುಣ್ಣದ ನೀರಲ್ಲಿ ನೆನೆಸಿ ಕೊಟ್ಟೆ, ಅದು ನನ್ನ ತಪ್ಪು, ಇನ್ನೂ ಕೆಟ್ಟಿತು. ಆಮೇಲೆ ಬೇರೆ ದಾರಿ ಸಿಕ್ಕಿತು. ಈಗ ತಮ್ಮ ಕೋಲಿಲ್ಲದೆ ನಡೆಯುತ್ತಿದ್ದಾನೆ. ಎಲ್ಲರಿಗೂ ಇದು ಆಗಿಬರುತ್ತದೋ ಇಲ್ಲವೋ ಗೊತ್ತಿಲ್ಲ, ನಾನು ನೋಡಿದ್ದು ಅವನೊಬ್ಬನಲ್ಲಿ. ನಂಜು ತೆಗೆಯುವ ಕ್ರಮ, ತಮ್ಮನಿಗೆ ಏನು ಕೊಟ್ಟೆ, ಎಷ್ಟು ಕೊಟ್ಟೆ ಎನ್ನುವುದು ದೊಡ್ಡ ಕಥೆ, ಫೋನಿನಲ್ಲಿ ಒತ್ತಿ ಬರೆಯುವುದು ಕಷ್ಟ. ಯಾರಿಗಾದರೂ ಬೇಕಿದ್ದರೆ ಕೇಳಿ, ಕೂತು ಪೂರ್ತಿ ಬರೆಯುತ್ತೇನೆ.’

ಅದರ ಕೆಳಗೆ ಯಾರೋ ಹಲ್ಲು ಕಿರಿಯುವ ಹಳದಿ ಮುಖವೊಂದನ್ನು ಅಂಟಿಸಿದ್ದಾರೆ. ಇನ್ನೊಬ್ಬರು, ‘ಮೇಡಂ, ಸುಮ್ಮನೆ ಹೆದರಿಸಬೇಡಿ. ಲಕ್ಷಾಂತರ ಜನ ಶೇರ್ ಮಾಡಿದ್ದು ಸುಳ್ಳೇ?’ ಎಂದಿದ್ದಾರೆ. ಅಲ್ಲಿಗೆ ಮುಗಿಯಿತು. ಯಾರೂ ಕೇಳಲಿಲ್ಲ. ಕೇಳದ್ದರಿಂದ ಅವರು ಬರೆಯಲಿಲ್ಲ.

ಕಟ್ಟೆಯ ಮೇಲೆ ಇದನ್ನು ಓದಿದಾಗ ಊರಿನ ಹಿರೀಕ ಶಿವಲಿಂಗಣ್ಣ ಸಿಟ್ಟಾದ. ಅವನ ಇಬ್ಬರು ಮೊಮ್ಮಕ್ಕಳು ಮಲಗಿದ್ದಾರೆ, ಸಿಟ್ಟು ಬರದೆ ಇರುತ್ತದೆಯೇ? “ಹನ್ನೊಂದು ಲಕ್ಷ ನಂಬಿ ಕೆಟ್ಟಿವಿ, ಈಗ ಒಬ್ಬಾಕಿ ಮಾತು ನಂಬಿ ಸಾಯೋಣೇನು? ಆ ಕಾಲದವರೆಲ್ಲ ಒಂದ, ಸುಳ್ಳಬುರಕರು. ಪೆಟಗಿ ಒಡದ ಹಾಕ್ರಿ” ಎಂದ. ಒಂದಿಬ್ಬರು ಕಲ್ಲು ಎತ್ತಿಯೂ ಬಿಟ್ಟರು. ನಾನು ಅಡ್ಡ ಬಿದ್ದೆ. ಶಿವಲಿಂಗಣ್ಣಾ, ಸ್ವಲ್ಪ ತಾಳು, ಎಲ್ಲವನ್ನೂ ನಂಬುವುದು ಹೇಗೆ ಮೂರ್ಖತನವೋ ಯಾವುದನ್ನೂ ನಂಬದಿರುವುದೂ ಅಷ್ಟೇ ಎಂದೆ. ಈ ಹೆಂಗಸು ತನ್ನ ಹೆಸರು ಹೇಳಿದ್ದಾರೆ, ಊರು ಹೇಳಿದ್ದಾರೆ. ಎಲ್ಲಿ ಎಡವಿದೆ ಎನ್ನುವುದನ್ನೂ ಮುಚ್ಚಿಟ್ಟಿಲ್ಲ. ಎಷ್ಟು ಗೊತ್ತು, ಎಲ್ಲಿಂದ ಮುಂದೆ ಗೊತ್ತಿಲ್ಲ ಎಂದು ಗೆರೆ ಎಳೆದಿದ್ದಾರೆ. ಹತ್ತು ಜನಕ್ಕೆ ಹೇಳಿ ಎಂದಿಲ್ಲ, ಬೇಕಿದ್ದವರು ನನ್ನನ್ನೇ ಕೇಳಿ ಎಂದಿದ್ದಾರೆ. ಕಿವಿ ಮುಟ್ಟದೆ ಮಾತಾಡುವ ಹಕ್ಕು ಆ ಕಾಲದಲ್ಲಿ ಯಾರಿಗಾದರೂ ಇದ್ದರೆ ಅದು ಇವರಿಗೆ ಇತ್ತು. ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಶಿವಲಿಂಗಣ್ಣ ಕಲ್ಲು ಕೆಳಗಿಡಿಸಿದ. “ಹಂಗಾದ್ರ ಕೇಳು ಆಕೀನ” ಎಂದ.

ಕೇಳಿದ್ದೇವೆ. ಅವರ ಬರಹದ ಕೆಳಗಿನ ಚೌಕದಲ್ಲೇ ಮೊದಲು ಕೇಳಿದ್ದು. ‘ಕಳಿಸಲಾಗುತ್ತಿದೆ’ ಎಂದದ್ದು ಇನ್ನೂ ಹಾಗೆಯೇ ಇದೆ. ಬಹುಶಃ ಆ ನಗುವ ಮುಖ ನೋಡಿದ ಮೇಲೆ ಅವರು ಮತ್ತೆ ಅತ್ತ ತಿರುಗಿಯೂ ನೋಡಿಲ್ಲ, ಯಾಕೆ ನೋಡುತ್ತಾರೆ? ಅದಕ್ಕೇ ಸಿಕ್ಕ ಸಿಕ್ಕ ಚೌಕದಲ್ಲಿ ನಿಮ್ಮನ್ನು ಕೂಗುತ್ತಿದ್ದೇನೆ. ಸುಣ್ಣ ಹಾಕಿದರೆ ಕೆಡುತ್ತದೆ ಎಂದು ಅವರು ಬರೆದಿರುವುದರಿಂದ ಅಂದಾಜಿನ ಮೇಲೆ ಏನನ್ನೂ ಕೊಡಲು ನನಗೆ ಧೈರ್ಯ ಬರುತ್ತಿಲ್ಲ. ಇನ್ನೊಂದು ಸಲ ನನ್ನ ಕೈಯಾರೆ ಆ ಮಗುವಿಗೆ ವಿಷ ಬಡಿಸಲಾರೆ.

ಅವರು ನಿಮ್ಮ ಯಾವ ವರ್ಷದಲ್ಲಿ ಬರೆದರೋ ತಿಳಿಯದು, ಪರದೆಯ ಆ ಮೂಲೆ ಸವೆದಿದೆ. ಲಕ್ಷ್ಮೇಶ್ವರ ನಿಮ್ಮ ಕಾಲದಲ್ಲಿ ಇನ್ನೂ ಇದೆ, ಅಲ್ಲಿಗೆ ಬಸ್ಸು ಹೋಗುತ್ತದೆ, ಅಷ್ಟು ಗೊತ್ತು. ನೀವು ನನ್ನನ್ನೂ ನಂಬಬೇಡಿ. ಬಾಳವ್ವ ಎಂಬ ಹೆಂಗಸು ಗುಡ್ಡದ ಮೇಲೆ ಇರುತ್ತಾಳೆ ಎನ್ನುವುದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ? ಇದು ಯಾರೋ ತಲೆಹರಟೆಯವರು ಬರೆದದ್ದು ಎನಿಸಿದರೆ ಹಾಗೇ ಎಂದುಕೊಳ್ಳಿ. ಎಂದುಕೊಂಡು ಎದ್ದು ಹೋಗಿ ನೋಡಿ ಬನ್ನಿ. ಬೂದಿಹಾಳ ಮೇಡಂ ಮನೆ ಯಾವುದು ಎಂದು ವಿಚಾರಿಸಿ, ಬಾಗಿಲು ಬಡಿದು, ನಿಮ್ಮ ತಮ್ಮನಿಗೆ ಏನು ಕೊಟ್ಟಿರಿ ತಾಯಿ, ದಯವಿಟ್ಟು ಪೂರ್ತಿ ಬರೆಯಿರಿ ಎಂದು ಕೇಳಿ. ನನ್ನದು ಸುಳ್ಳಾದರೆ ನಿಮಗೆ ಒಂದು ದಿನ ಹಾಳು. ಅಷ್ಟೇ ಅಲ್ಲವೇ?

ಒಂದು ಮಾತು ಕೈಮುಗಿದು ಹೇಳುತ್ತೇನೆ. ಈ ಓಲೆಯನ್ನು ಹತ್ತು ಜನಕ್ಕೆ ಕಳಿಸಬೇಡಿ. ಅಯ್ಯೋ ಪಾಪ ಎಂದು ಮುಂದೆ ತಳ್ಳಬೇಡಿ, ಅಳುವ ಮುಖ ಅಂಟಿಸಬೇಡಿ. ಹನ್ನೊಂದು ಲಕ್ಷ ಜನ ಇದನ್ನು ಓದಿ, ಇನ್ನೊಬ್ಬರು ಹೋಗಿರುತ್ತಾರೆ ಎಂದುಕೊಂಡರೆ ನಮ್ಮ ಕಥೆ ಮುಗಿಯಿತು. ನನಗೆ ಲಕ್ಷ ಬೇಡ. ಚಪ್ಪಲಿ ಮೆಟ್ಟಿ ಹೊರಡುವವರು ಒಬ್ಬರು ಬೇಕು.

ಬಿಸಿಲು ಬಿದ್ದ ಕೂಡಲೇ ಅಣ್ಣ ಪೆಟ್ಟಿಗೆ ಎಬ್ಬಿಸಿ ಅವರ ಬರಹ ತೆರೆಯುತ್ತಾನೆ. ನೀವು ಯಾರಾದರೂ ಅಲ್ಲಿ ಕೇಳಿದ್ದರೆ, ಅವರು ಬರೆದಿದ್ದರೆ, ಆ ಸಾಲುಗಳು ನೂರಾರು ವರ್ಷದಿಂದ ಅಲ್ಲೇ ಇದ್ದವೋ ಎಂಬಂತೆ ನಮಗೆ ಕಾಣಬೇಕು. ಇವತ್ತು ಬೆಳಿಗ್ಗೆ ಹೊಳೆವ್ವನನ್ನೂ ಎತ್ತಿಕೊಂಡು ಹೋಗಿ ಕೂರಿಸಿದ್ದೆ. ಅವಳಿಗೆ ನಿನ್ನೆಯಿಂದ ಕೈಬೆರಳು ಮಡಚಲು ಆಗುತ್ತಿಲ್ಲ. ನಗುವ ಮುಖ ಇತ್ತು, ಹೆದರಿಸಬೇಡಿ ಎನ್ನುವ ಮಾತು ಇತ್ತು. ಅಣ್ಣ ಇನ್ನೂ ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿಸಿದ. “ಮಾಮಾ, ಇವತ್ತೂ ಯಾರೂ ಕೇಳಿಲ್ಲೇನು?” ಎಂದಳು.

ಯಾರೂ ಕೇಳಿರಲಿಲ್ಲ.